ಎಳೆಯ ರಕ್ತಕಣಗಳ ಲೆಕ್ಕ

"ಹಿಮೋಗ್ಲೋಬಿನ್ ಏಳು ಉಂಟು, ಒಂದು ಒಳ್ಳೆಯ ಟಾನಿಕ್ ಬರೆದುಕೊಡಿ ಡಾಕ್ಟ್ರೇ" ಎನ್ನುವವರು ನಮ್ಮ ಮಂಗಳೂರಿನಲ್ಲಿ ಬಹಳ. ಬೀಡಿ ಕಟ್ಟುವ ತಾಯಂದಿರು, ಹೆರಿಗೆಯಾಗಿ ವರ್ಷ ಕಳೆದರೂ ಚೇತರಿಸಿಕೊಳ್ಳದವರು, ಮಲೇರಿಯಾದಿಂದ ಎದ್ದ ಕಟ್ಟಡ ಕಾರ್ಮಿಕರು, ಎಲ್ಲರದೂ ಇದೇ ಬೇಡಿಕೆ. ಆದರೆ ಹಿಮೋಗ್ಲೋಬಿನ್ ಸಂಖ್ಯೆಯು ರಕ್ತ ಎಷ್ಟು ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತದೆ. ಶರೀರ ಅದನ್ನು ತುಂಬಿಕೊಳ್ಳುತ್ತಿದೆಯೇ, ಇಲ್ಲವೇ? ಇದನ್ನು ತಿಳಿಸುವುದು ರೆಟಿಕ್ಯುಲೋಸೈಟ್ ಎಣಿಕೆ ಎಂಬ ಇನ್ನೊಂದು ಸರಳ ಪರೀಕ್ಷೆ.

ಕೆಂಪು ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ ಸುಮಾರು 120 ದಿನ ಬದುಕುತ್ತವೆ. ಮಜ್ಜೆಯಿಂದ ರಕ್ತಕ್ಕೆ ಬಂದ ಹೊಸ ಕಣ ಒಂದು ದಿನದ ಮಟ್ಟಿಗೆ ಎಳೆಯದಾಗಿರುತ್ತದೆ. ಹಿಮೋಗ್ಲೋಬಿನ್ ತಯಾರಿಸಲು ಬೇಕಾಗಿದ್ದ ಆರ್‌ಎನ್‌ಎ ಅದರೊಳಗೆ ಇನ್ನೂ ಉಳಿದಿರುತ್ತದೆ. ಇದೇ ರೆಟಿಕ್ಯುಲೋಸೈಟ್. ಆರೋಗ್ಯವಂತ ವಯಸ್ಕರಲ್ಲಿ ಇವು ನೂರಕ್ಕೆ ಒಂದೆರಡು ಮಾತ್ರ.

ಲ್ಯಾಬಿನಲ್ಲಿ ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣದೊಂದಿಗೆ ರಕ್ತವನ್ನು ಬೆರೆಸಿ, ಕಾಲು ಗಂಟೆ ಮೈಬಿಸಿಯ ಶಾಖದಲ್ಲಿಟ್ಟು, ಗಾಜಿನ ಮೇಲೆ ಸವರಿ ನೋಡುತ್ತಾರೆ. ಎಳೆಯ ಕಣದೊಳಗೆ ನೀಲಿ ಬಲೆಯಂಥ ಗೆರೆಗಳು ಕಾಣುತ್ತವೆ. ಸಾವಿರ ಕಣಗಳಲ್ಲಿ ಇಂಥವು ಎಷ್ಟೆಂದು ಕಣ್ಣಿನಿಂದಲೇ ಎಣಿಸಬೇಕು, ತಾಳ್ಮೆಯ ಕೆಲಸ. ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಸರಿಯಾಗಿ ಹೊಂದುವುದೂ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಹೊಳೆಯುವ ಬಣ್ಣ ಬಳಸುವ ಯಂತ್ರಗಳು ಸಾವಿರಾರು ಕಣಗಳನ್ನು ಕ್ಷಣದಲ್ಲಿ ಎಣಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ವರದಿಯಲ್ಲಿ ಶೇಕಡ 6 ಎಂದಿದ್ದರೆ ಮಜ್ಜೆ ಚುರುಕಾಗಿದೆ ಎಂದು ಸಂತೋಷಪಡಬಾರದು. ರೋಗಿಯ ರಕ್ತದಲ್ಲಿ ಕಣಗಳ ಪಾಲು, ಅಂದರೆ ಪಿಸಿವಿ, 45ರ ಬದಲು 15 ಇದ್ದರೆ, ಆರನ್ನು 15ರಿಂದ ಗುಣಿಸಿ 45ರಿಂದ ಭಾಗಿಸಬೇಕು. ಉಳಿಯುವುದು ಎರಡೇ. ರಕ್ತಹೀನತೆ ತೀವ್ರವಾದಾಗ ಮಜ್ಜೆಯು ತೀರಾ ಎಳೆಯ ಕಣಗಳನ್ನೂ ಹೊರಗೆ ಕಳಿಸುತ್ತದೆ, ಅವು ಎರಡು ದಿನಕ್ಕಿಂತಲೂ ಹೆಚ್ಚು ರಕ್ತದಲ್ಲಿ ಸುತ್ತುತ್ತವೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಒಂದಕ್ಕೂ ಕಡಿಮೆ. ಅಂದರೆ ಮಜ್ಜೆ ಸೋತಿದೆ.

ಸೋತ ಮಜ್ಜೆಗೆ ನಮ್ಮಲ್ಲಿ ಮುಖ್ಯ ಕಾರಣ ಕಬ್ಬಿಣಾಂಶದ ಕೊರತೆ. ಎಣಿಕೆ ನಿಜವಾಗಿಯೂ ಏರಿದ್ದರೆ ಎಲ್ಲೋ ರಕ್ತ ಹರಿದುಹೋಗಿದೆ, ಅಥವಾ ಕಣಗಳು ಒಡೆಯುತ್ತಿವೆ. 1990ರ ದಶಕದಿಂದ ಮಂಗಳೂರಿಗೆ ಮಲೇರಿಯಾ ಹೊಸದಲ್ಲ. ವೈವ್ಯಾಕ್ಸ್ ಮಲೇರಿಯಾದ ಪರೋಪಜೀವಿ ಎಳೆಯ ಕಣಗಳನ್ನೇ ಹುಡುಕಿ ಹೊಕ್ಕುತ್ತದೆ ಎಂಬುದು ವಿಚಿತ್ರವಾದರೂ ನಿಜ. ಅದಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕಣಗಳನ್ನು ಒಡೆಯಬಲ್ಲದು. ಮಾತ್ರೆ ತಿನ್ನುವಾಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು.

ಚಿಕಿತ್ಸೆ ಫಲಿಸಿತೇ ಎಂದು ಮೊದಲು ಹೇಳುವುದೂ ಇದೇ ಎಣಿಕೆ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಮೊದಲ ಸುಳಿವು ಕೊಟ್ಟದ್ದು ಎಳೆಯ ಕಣಗಳ ಏರಿಕೆ. ಆ ಸಾರದಲ್ಲಿದ್ದ ವಸ್ತುವನ್ನೇ ಇಂದು ಫೋಲಿಕ್ ಆಮ್ಲವೆಂದು ಗರ್ಭಿಣಿಯರಿಗೆ ಕೊಡುತ್ತೇವೆ.

ಮನೆಯ ಬೆಕ್ಕಿಗೂ ಈ ಪರೀಕ್ಷೆ ಉಂಟು. ಚಿಗಟಗಳು ರಕ್ತ ಹೀರಿ ಮರಿಗಳನ್ನು ಬಿಳಿಚಿಸುತ್ತವೆ. ಆದರೆ ಬೆಕ್ಕಿನ ಎಳೆಯ ಕಣಗಳಲ್ಲಿ ಎರಡು ಬಗೆ. ನೀಲಿ ಗುಂಪು ದಟ್ಟವಾಗಿರುವವು ಇತ್ತೀಚಿನವು, ಚುಕ್ಕಿಗಳಷ್ಟೇ ಉಳಿದವು ಹಲವು ದಿನ ಹಳೆಯವು. ಎರಡನ್ನೂ ಕೂಡಿಸಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪಶುವೈದ್ಯರು ಸಾಮಾನ್ಯವಾಗಿ ಮೊದಲನೆಯದನ್ನೇ ನೋಡುತ್ತಾರೆ.

ಮನುಷ್ಯರ ಮಾತಿಗೆ ಬರೋಣ. ಕಬ್ಬಿಣದ ಮಾತ್ರೆ ಶುರುಮಾಡಿದ ಏಳರಿಂದ ಹತ್ತನೆಯ ದಿನದ ಸುಮಾರಿಗೆ ಎಣಿಕೆ ಏರಬೇಕು. ಹಿಮೋಗ್ಲೋಬಿನ್ ಏರಲು ಎರಡು ಮೂರು ವಾರ ಬೇಕು. ಏರದಿದ್ದರೆ ಬ್ರ್ಯಾಂಡ್ ಬದಲಿಸುವ ಮೊದಲು ಕೇಳಬೇಕಾದ್ದು ಬೇರೆ. ಹೊಟ್ಟೆಯುರಿ ಎಂದು ಮಾತ್ರೆ ಬಿಟ್ಟಿರುವಿರಾ? ಚಹಾದೊಂದಿಗೆ ನುಂಗುತ್ತಿರುವಿರಾ? ಮುಟ್ಟಿನ ಸ್ರಾವ ಅತಿಯಾಗಿದೆಯೇ, ಮೂಲವ್ಯಾಧಿ ಇದೆಯೇ? ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಾದರೆ ಕೊಕ್ಕೆಹುಳುವಿಗೆ ಮಲಪರೀಕ್ಷೆ ಮಾಡಿಸಿದ್ದೀರಾ? ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎಣಿಕೆಯ ಅರ್ಥವೇ ಬದಲಾಗುತ್ತದೆ.