ಓಟಗಾರ ಓಟ ಬಿಡುವುದೇಕೆ?

ಕಾಲೇಜಿನಲ್ಲಿ ಒಬ್ಬನು ಆಟ ಬಿಟ್ಟರೆ ಜನ ಎರಡೇ ಕಾರಣ ಹೇಳುತ್ತಾರೆ: ಕಾಲು ಉಳುಕಿರಬೇಕು, ಇಲ್ಲವೇ ಆಸಾಮಿ ಸೋಮಾರಿಯಾಗಿರಬೇಕು. ನಾನು 800 ಮೀಟರ್ ಓಟಗಾರನಾಗಿದ್ದೆ. ಎರಡನೆಯ ವರ್ಷದ ಕೊನೆಗೆ ಓಟ ಬಿಟ್ಟೆ. ಕಾಲೇನೂ ಉಳುಕಿರಲಿಲ್ಲವಾದ್ದರಿಂದ ಉಳಿದ ಬಿರುದು ನನಗೆ ಸಂದಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓಟದಲ್ಲಿ ಗೆದ್ದರೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕೀತೆಂದು ಅಪ್ಪ ನಂಬಿದ್ದರು. ಆ ಮಾತು ಕೇಳಿದಂದಿನಿಂದ ಸ್ಪರ್ಧೆಯ ಹಿಂದಿನ ರಾತ್ರಿ ನಿದ್ದೆ ಬಾರದು. ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯದು. ಷೂ ಕಂಡರೆ ಹೊಟ್ಟೆ ತೊಳಸುವುದು. ಅಭ್ಯಾಸ ಹೆಚ್ಚಿಸಿದಷ್ಟೂ ಓಡಿ ಮುಗಿಸಲು ಹಿಡಿಯುವ ಕಾಲವೂ ಹೆಚ್ಚಿತು.

ಇದಕ್ಕೆ ಶರೀರಶಾಸ್ತ್ರದಲ್ಲಿ ಕಾರಣ ಉಂಟು. ಭಯವಾದಾಗ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಟದ ಆರಂಭಕ್ಕೆ ಇದು ಕೊಂಚ ಬೇಕು ಕೂಡ. ಹಗಲಿರುಳೂ ಅದೇ ಸ್ಥಿತಿಯಾದರೆ ನಿದ್ದೆ ಕೆಡುತ್ತದೆ. ದಣಿದ ದೇಹ ಚೇತರಿಸಿಕೊಳ್ಳುವುದು ನಿದ್ದೆಯಲ್ಲಷ್ಟೆ? ಅದು ತಪ್ಪಿದರೆ ವೇಗ ಕುಗ್ಗುತ್ತದೆ. ವೇಗ ಕುಗ್ಗಿತೆಂದು ಬೈಗುಳ. ಬೈಗುಳದಿಂದ ಇನ್ನಷ್ಟು ಭಯ. ಕೊನೆಗೆ ಆಟ ಬಿಡುವುದೊಂದೇ ದಾರಿಯೆಂದು ತೋರುತ್ತದೆ.

ಇದು ನಮ್ಮಂಥ ಬಡ ಹುಡುಗರ ಪಾಡು ಮಾತ್ರವೆಂದು ತಿಳಿದಿದ್ದೆ. ಆದರೆ 2021ರ ಟೋಕಿಯೊ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲಿನ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ಪಲ್ಟಿ ಹೊಡೆಯುವಾಗ ತಾನೆಲ್ಲಿದ್ದೇನೆಂಬ ಅರಿವೇ ಅವರಿಗೆ ತಪ್ಪುತ್ತಿತ್ತು. ಮುಂದೆ ವಿರಾಮ ಪಡೆದು, 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನ ಗೆದ್ದರು. ನಮ್ಮ ಶೂಟರ್ ಅಭಿನವ್ ಬಿಂದ್ರಾ ಅವರಂತೂ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಮೇಲೆಯೇ ತಮ್ಮ ಮನಸ್ಸು ಕುಸಿಯಿತೆಂದು ಹೇಳಿಕೊಂಡಿದ್ದಾರೆ. ಗೆದ್ದವರನ್ನೂ ಇದು ಬಿಡದು!

ಓಟ ಬಿಟ್ಟ ಸಂಗತಿಯನ್ನು ನಾನು ಮೂರು ತಿಂಗಳು ಮನೆಯಲ್ಲಿ ಹೇಳಲಿಲ್ಲ. ಕಡೆಗೊಂದು ರಾತ್ರಿ ಅವ್ವನಿಗೆ ಹೇಳಿದೆ. "ಹೊಟ್ಟೆನೋವು ಅಂದಿದ್ರೆ ಕಷಾಯ ಕಾಸಿಕೊಡ್ತಿದ್ದೆ. ಇದನ್ಯಾಕಪ್ಪ ಬಚ್ಚಿಟ್ಟೆ?" ಎಂದಳು. ಮೊದಲೇ ಹೇಳಿದ್ದರೆ ಓಟ ಉಳಿಯುತ್ತಿತ್ತೋ ಏನೋ. ಅಪ್ಪ ಇನ್ನೂ ಆ ಮಾತೆತ್ತುವುದಿಲ್ಲ.

2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ, 14416, ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆಟದ ಸಾಮಾನಿನ ಕೋಣೆಯಲ್ಲಿ ಉಳುಕಿಗೆ ಹಚ್ಚುವ ಮುಲಾಮು ಇಟ್ಟಿರುವ ಕಪಾಟಿನ ಮೇಲೆ ಈ ಸಂಖ್ಯೆಯನ್ನೂ ಬರೆಸಬೇಕೆಂದು ನನ್ನ ವಿನಂತಿ.