‘ಅಮರ’ದೊಳಗಿನ ‘ಮರ’

ಸಿ ಪ್ರೋಗ್ರಾಂನಲ್ಲಿ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ‘ಕನ್ನಡ’ ಎಂದು ಬರೆಯಿರಿ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಕಡತ ಯುಟಿಎಫ್-8ರಲ್ಲಿದ್ದರೆ ಸೈಜ್‌ಆಫ್ ಮಾತ್ರ 16 ಎನ್ನುತ್ತದೆ. ಕ, ನ, ಒತ್ತಕ್ಷರ ಕೂಡಿಸುವ ಹಲಂತ, ಮತ್ತೆ ನ, ಡ: ಒಟ್ಟು ಐದು ಸಂಕೇತ, ತಲಾ 3 ಬೈಟ್. ಕೊನೆಯ ಬೈಟ್ ಸೊನ್ನೆ. ಸಿ ಭಾಷೆ ಪದದ ಉದ್ದವನ್ನು ಬೇರೆಲ್ಲೂ ಬರೆದಿಡುವುದಿಲ್ಲ. ಪದ ಮುಗಿಯಿತೆಂದು ತಿಳಿಯುವುದು ಆ ಸೊನ್ನೆ ಸಿಕ್ಕಾಗಲೇ.

ಇಂಥ ಸ್ಥಿರ ಸ್ಟ್ರಿಂಗ್‌ಗಳನ್ನು ಲಿನಕ್ಸ್‌ನ ಕಂಪೈಲರ್‌ಗಳು ಸಾಮಾನ್ಯವಾಗಿ ‘ರೋಡೇಟಾ’ ಎಂಬ ವಿಭಾಗದಲ್ಲಿ ಇಡುತ್ತವೆ. ಅದು ಓದಲು ಮಾತ್ರ ತೆರೆದಿರುವ ಜಾಗ. ಪ್ರೋಗ್ರಾಂ ಶುರುವಾದಾಗಿನಿಂದ ಮುಗಿಯುವವರೆಗೂ ಅವು ಅಲ್ಲೇ ಇರುತ್ತವೆ.

ಬರೆಯಲು ಯಾಕೆ ಬಿಡುವುದಿಲ್ಲ? ಒಂದೇ ಪ್ರೋಗ್ರಾಂನಲ್ಲಿ ‘ಅಮರ’ ಮತ್ತು ‘ಮರ’ ಎರಡೂ ಇವೆ ಎನ್ನಿ. ‘ಅಮರ’ಕ್ಕೆ ಸೊನ್ನೆಯೂ ಸೇರಿ 10 ಬೈಟ್. ಅದರ ನಾಲ್ಕನೆಯ ಬೈಟಿನಿಂದ ಓದಿದರೆ ಸಿಗುವುದು ‘ಮರ’, ಅದೇ ಕೊನೆಯ ಸೊನ್ನೆಯ ಸಮೇತ! ಹಾಗಾಗಿ ಲಿಂಕರ್ ‘ಮರ’ಕ್ಕೆ ಬೇರೆ ಜಾಗ ಕೊಡದೆ, ‘ಅಮರ’ದ ಬಾಲದ ವಿಳಾಸವನ್ನೇ ಕೊಟ್ಟು 7 ಬೈಟ್ ಉಳಿಸಬಲ್ಲದು. ಎಷ್ಟು ಸೊಗಸಾದ ಮಿತವ್ಯಯ! ಆದರೆ ಯಾರೋ ‘ಮರ’ವನ್ನು ‘ಕರ’ ಎಂದು ತಿದ್ದಿದರೆ, ಎಲ್ಲೋ ದೂರದಲ್ಲಿರುವ ‘ಅಮರ’ವೂ ‘ಅಕರ’ವಾಗುತ್ತದೆ. ಹಂಚಿಕೊಂಡ ಜಾಗವನ್ನು ಯಾರೂ ತಿದ್ದಬಾರದು, ಅಷ್ಟೇ.

ಮೊದಲು ಹೀಗಿರಲಿಲ್ಲ. ಕರ್ನಿಗನ್ ಮತ್ತು ರಿಚಿ 1978ರಲ್ಲಿ ವಿವರಿಸಿದ ಸಿ ಭಾಷೆಯಲ್ಲಿ, ಒಂದೇ ಪದವನ್ನು ಎರಡು ಕಡೆ ಬರೆದರೂ ಅವು ಬೇರೆ ಬೇರೆ ಸ್ಟ್ರಿಂಗ್‌ಗಳು. 1989ರ ಆನ್ಸಿ ಮಾನದಂಡ ಹಂಚಿಕೆಗೆ ದಾರಿ ಬಿಟ್ಟಿತು. ತಿದ್ದಿದರೆ ಏನಾಗುತ್ತದೆಂದು ಹೇಳಲಾಗದು ಎಂದಿತು. ಹಳೆಯ ಪ್ರೋಗ್ರಾಂಗಳಿಗಾಗಿ ತಿದ್ದಲು ಬಿಡುವ ಆಯ್ಕೆಯೊಂದು ಜಿಸಿಸಿ ಕಂಪೈಲರ್‌ನಲ್ಲಿತ್ತು. 4.0 ಆವೃತ್ತಿಯಲ್ಲಿ ಅದನ್ನೂ ತೆಗೆದರು.

ಕಲಿಯುವವರು ಎಡವುವುದು ಇಲ್ಲೇ. ‘ಚಾರ್’ ಪಾಯಿಂಟರ್‌ಗೆ ‘ಮರ’ವನ್ನು ಕೊಟ್ಟರೆ ಅದರಲ್ಲಿರುವುದು ವಿಳಾಸ ಮಾತ್ರ. ಆ ವಿಳಾಸದಲ್ಲಿ ಒಂದು ಬೈಟ್ ಬರೆಯಹೋದರೂ ಪ್ರೊಸೆಸರ್ ತಡೆಯುತ್ತದೆ, ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಪ್ರೋಗ್ರಾಂ ನಿಲ್ಲುತ್ತದೆ. ಫಂಕ್ಷನ್ನಿನ ಒಳಗೆ ಅದನ್ನೇ ಅರೇ ಎಂದು ಘೋಷಿಸಿದರೆ, ಪ್ರತಿ ಸಲ ಕರೆದಾಗಲೂ ಸ್ಟ್ಯಾಕ್‌ನಲ್ಲಿ ಹೊಸ ಪ್ರತಿ ಸಿದ್ಧವಾಗುತ್ತದೆ. ಅದನ್ನು ಧಾರಾಳವಾಗಿ ತಿದ್ದಬಹುದು. ಆದರೆ ಫಂಕ್ಷನ್ ಮುಗಿದೊಡನೆ ಆ ಪ್ರತಿಯೂ ಹೋಗುತ್ತದೆ, ಅದರ ವಿಳಾಸವನ್ನು ಹೊರಗೆ ಕೊಡಬಾರದು.

ಕಂಪೈಲರ್ ಮೊದಲೇ ಎಚ್ಚರಿಸಬಾರದೇ? ಸಿ ಭಾಷೆಯಲ್ಲಿ ಸ್ಥಿರ ಸ್ಟ್ರಿಂಗ್‌ನ ಬಗೆ ಇವತ್ತಿಗೂ ಬರಿಯ ‘ಚಾರ್’ ಅರೇ, ಅದಕ್ಕೆ ‘ಕಾನ್ಸ್ಟ್’ ಅಂಟಿಲ್ಲ. ಅದನ್ನು ನಾವೇ ಸೇರಿಸಬೇಕು. ಪಾಯಿಂಟರ್ ಘೋಷಿಸುವಾಗ ‘ಕಾನ್ಸ್ಟ್ ಚಾರ್’ ಎಂದು ಬರೆದರೆ, ತಿದ್ದಲು ಹೊರಟ ಸಾಲನ್ನು ಕಂಪೈಲರ್ ಅಲ್ಲೇ ಹಿಡಿದು ತೋರಿಸುತ್ತದೆ.