ವಿದ್ಯುತ್ ಕುಕ್ಕರಿನ ಉಗಿಯೂ ಸಂಜೆಯ ಅವಸರವೂ

ನಮ್ಮ ಸಮಾಜದ ಮನೆಗಳಲ್ಲಿ ಸಂಜೆಯ ಅಡಿಗೆಗೆ ಗಡಿಯಾರದ ಕಾಟ ಹೆಚ್ಚು. ಮಾರ್ಗಶಿರ ಮಾಸದಲ್ಲಿ ಉಮರ್ಗಾ, ನಿಲಂಗಾ, ಉದಗೀರ ಕಡೆಗೆ 5-45ರ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ಅದಕ್ಕೂ ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆ ಊಟ ಮುಗಿಸುವ ನಿಯಮವಿದ್ದವರು ಐದರೊಳಗೆ ಕೈ ತೊಳೆಯಬೇಕು. ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಯ ಬಿಟ್ಟವರಿಗೆ ಬೇಳೆ ಕಾಳುಗಳೇ ಆಧಾರ. ಬೇಳೆ ಮತ್ತು ಅವಸರ ಇವೆರಡೂ ಕೂಡಿದಾಗಲೇ ಕುಕ್ಕರಿನಿಂದ ಕೈ ಸುಡುವುದು.

ಪುಣೆ, ಹೈದರಾಬಾದಿನಲ್ಲಿ ನೌಕರಿಗಿರುವ ಮಕ್ಕಳು ಈಗ ಊರಿನ ತಾಯಿಗೆ ವಿದ್ಯುತ್ ಕುಕ್ಕರ್ ಕಳಿಸುತ್ತಾರೆ. ಜೊತೆಗಿರುವ ಪುಸ್ತಕ ಇಂಗ್ಲಿಷಿನದು. ಪಾತ್ರೆಯ ವ್ಯಾಪಾರಿಯೆಂದು ಅದನ್ನು ನನ್ನ ಅಂಗಡಿಗೆ ತಂದು ಕೇಳುವ ತಾಯಂದಿರು ಬಹಳ. ಅವರ ಮೊದಲ ಪ್ರಶ್ನೆ ಒಂದೇ: "ಅಣ್ಣಾರ, ಇದು ಸೀಟಿ ಯಾಕ ಹೊಡೆಯಂಗಿಲ್ಲ?"

ಹೊಡೆಯುವುದಿಲ್ಲ. ಗ್ಯಾಸಿನ ಕುಕ್ಕರ್ ಹೆಚ್ಚಾದ ಉಗಿಯನ್ನು ಸೀಟಿಯ ಮೂಲಕ ಹೊರಹಾಕುತ್ತದೆ. ವಿದ್ಯುತ್ ಕುಕ್ಕರ್ ಉಗಿಯನ್ನು ಒಳಗೇ ಇಟ್ಟುಕೊಂಡು, ಒತ್ತಡ ಸಾಕಾದಾಗ ತಾನೇ ಕಾವು ಕಡಿಮೆ ಮಾಡುತ್ತದೆ. ಒಳಗಿನ ನೀರು 100 ಡಿಗ್ರಿ ದಾಟಿ ಸುಮಾರು 115 ಡಿಗ್ರಿಯಲ್ಲಿರುತ್ತದೆ; ಒತ್ತಡವಿರುವುದರಿಂದ ಉಕ್ಕದೆ ಕೂತಿರುತ್ತದೆ. ಒತ್ತಡ ತಟ್ಟನೆ ಹೋದರೆ ಆ ನೀರು ಒಮ್ಮೆಲೇ ಕುದಿದು ಮೇಲೇಳುತ್ತದೆ. ಬರಿಯ ನೀರಾದರೆ ಉಗಿ ಮಾತ್ರ ಬಂದೀತು. ತೊಗರಿಬೇಳೆಯಾದರೆ ನೊರೆ ಬೇಳೆಯನ್ನೂ ಹೊತ್ತು ತರುತ್ತದೆ, ಉಗಿಯ ದಾರಿಯನ್ನೂ ಕಟ್ಟುತ್ತದೆ.

ಮುಚ್ಚಳದ ಮೇಲೆ ಕಡ್ಡಿಯಂಥ ಒಂದು ಚಿಕ್ಕ ಪಿನ್ನು ಇದೆ. ಒಳಗೆ ಒತ್ತಡವಿರುವ ತನಕ ಅದು ಮೇಲೆ ನಿಂತಿರುತ್ತದೆ, ಇಳಿದ ಮೇಲೆ ತಾನೇ ಕೆಳಗೆ ಬೀಳುತ್ತದೆ. ನಂಬಬೇಕಾದದ್ದು ಇದನ್ನು, ದೀಪವನ್ನಲ್ಲ. ನಿಲಂಗಾದ ನಮ್ಮ ಬೀಗರ ಮನೆಯಲ್ಲಿ ಆದದ್ದು ಇದೇ. ಬೇಳೆ ಬೇಯುತ್ತಿದ್ದಾಗ ಲೈಟು ಹೋಯಿತು. ಕುಕ್ಕರಿನ ದೀಪ ಆರಿದ್ದು ಕಂಡು, ಆ ತಾಯಿ ಕುಕ್ಕರೂ ಆರಿತೆಂದು ತಿಳಿದರು. ಮುಚ್ಚಳ ತಿರುಗಲಿಲ್ಲ. ಹೊತ್ತು ಮುಳುಗುತ್ತಿದೆಯೆಂದು ಚಮಚದಿಂದ ಪಿನ್ನನ್ನು ಒತ್ತಿ ಮುಚ್ಚಳ ತಿರುಗಿಸಿದರು. ಹದಿನೈದು ದಿನ ಬಲಗೈಗೆ ಪಟ್ಟಿ. ಲೈಟು ಹೋದರೂ ಒಳಗಿನ ಉಗಿ ಹೋಗುವುದಿಲ್ಲ ಎಂಬುದನ್ನು ನಮ್ಮ ಮರಾಠವಾಡದ ಮನೆಗಳಲ್ಲಿ ವಿಶೇಷವಾಗಿ ನೆನಪಿಡಬೇಕು.

ಬೇಳೆ, ಕಾಳು, ಹುಗ್ಗಿ ಇವುಗಳಿಗೆ ಉಗಿಯನ್ನು ಬಿಡಲೇಬಾರದು, ತಾನಾಗಿ ಇಳಿಯಲಿ. 15ರಿಂದ 30 ನಿಮಿಷ ಹಿಡಿಯುತ್ತದೆ, ತುಂಬಿದಷ್ಟೂ ಹೆಚ್ಚು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕಾವು ಏರಲು, ಬೇಯಲು, ಇಳಿಯಲು ಎಲ್ಲ ಸೇರಿ ಒಂದು ತಾಸು ಹಿಡಿಯಿರಿ. ಊಟಕ್ಕೆ ಕೂರುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಕುಕ್ಕರ್ ಹಚ್ಚಿದರೆ ನಿಯಮವೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ. ಸೊಸೆಗೆ "ಬೇಗ, ಬೇಗ" ಎನ್ನುವ ಹಿರಿಯರು ಮೂರೂವರೆಗೇ ಬೇಳೆ ತೊಳೆದುಕೊಟ್ಟರೆ ಇನ್ನೂ ಒಳ್ಳೆಯದು.

ಕಾಯಿಪಲ್ಯದಂಥ ನೊರೆ ಬಾರದ ಪದಾರ್ಥವಾದರೆ ಗುಂಡಿ ತಿರುಗಿಸಿ ಉಗಿ ಬಿಡಬಹುದು. ಮೊದಲು ಕುಕ್ಕರನ್ನು ಗೋಡೆ, ಕಪಾಟುಗಳಿಂದ ದೂರ ಸರಿಸಿ. ಮುಖ, ಕೈ ಉಗಿಯ ರಂಧ್ರದ ಮೇಲೆ ಬಾರದಂತೆ ಪಕ್ಕಕ್ಕೆ ನಿಂತು, ಉದ್ದ ಕಟ್ಟಿಗೆಯ ಸೌಟಿನ ಹಿಡಿಯಿಂದ ಗುಂಡಿ ಸರಿಸಿ. ಸೀರೆಯ ಸೆರಗು ಸಿಕ್ಕಿಸಿಕೊಂಡಿರಲಿ, ಮಕ್ಕಳು ಹತ್ತಿರ ಬೇಡ. ಉಗಿಯ ಜೊತೆ ನೊರೆ ಕಂಡರೆ ಕೂಡಲೇ ಮುಚ್ಚಿ ಸ್ವಲ್ಪ ತಡೆದು ಮತ್ತೆ ಬಿಡಿ. ಉಗಿಯ ಮೇಲೆ ಬಟ್ಟೆ ಹಾಕಬೇಡಿ. ಗ್ಯಾಸಿನ ಕುಕ್ಕರಿನಂತೆ ನಲ್ಲಿಯ ಕೆಳಗೆ ಹಿಡಿಯುವುದಂತೂ ಕೂಡದು. ಇದರ ಹೊಟ್ಟೆಯಲ್ಲಿ ವಿದ್ಯುತ್ತಿದೆ. ಪಿನ್ನು ಬಿದ್ದ ಮೇಲೂ ಮುಚ್ಚಳವನ್ನು ಆಚೆ ಕಡೆ ಓರೆಯಾಗಿಸಿ ತೆಗೆಯಿರಿ.

ರಬ್ಬರ್ ರಿಂಗು ಮತ್ತು ಪಿನ್ನನ್ನು ಪ್ರತಿ ಸಲ ತೊಳೆಯಬೇಕು. ಬೇಳೆ ಅಂಟಿ ಒಣಗಿದ ಪಿನ್ನು ಸುಳ್ಳು ಹೇಳುತ್ತದೆ.

ಇಷ್ಟಾಗಿಯೂ ಕೈ ಸುಟ್ಟರೆ ಬಳೆ, ಉಂಗುರ ತೆಗೆದು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಅರಿಶಿನ, ಶಾಯಿ, ಪೇಸ್ಟು ಹಚ್ಚಬಾರದು. 2016ರಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಕಂಡವರು ನಾವು; ಆದರೂ ಈ ನೀರಿಗೆ ಲೆಕ್ಕ ಹಿಡಿಯಬೇಡಿ. ಮುಖ ಸುಟ್ಟಿದ್ದರೆ, ಅಥವಾ ಗಾಯ ಅಂಗೈಗಿಂತ ದೊಡ್ಡದಿದ್ದರೆ ಅದೇ ಸಂಜೆ ದವಾಖಾನೆಗೆ ಕರೆದೊಯ್ಯಿರಿ.